ಓವಲ್ಲೋ ರೋಡ್ ಕೋರ್ಸೋ: ಅಮೆರಿಕದ ಕಾರ್ ರೇಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ನಾಸ್ಕಾರ್ ರೇಸ್ (ಸಾಮಾನ್ಯ ಕಾರಿನ ಹಾಗೆ ಮೈ ಮುಚ್ಚಿದ ಕಾರುಗಳದ್ದು) ಹಾಕಿಕೊಂಡು ಕೂತರೆ ಸಾಕು, ಮನೆಗೆ ಬಂದ ನೆಂಟರು, ಗೆಳೆಯರು ಎಲ್ಲರದ್ದೂ ಒಂದೇ ಮಾತು: "ಇದೇನು ಮಾರಾಯ, ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತುತ್ತಿದ್ದಾರಲ್ಲ!" ಅಮೆರಿಕಕ್ಕೆ ಬಂದ ಹೊಸದರಲ್ಲಿ ನಾನೂ ಹೀಗೇ ಹೇಳುತ್ತಿದ್ದೆ. ಫಾರ್ಮುಲಾ ಒನ್ ನೋಡಿ ಬೆಳೆದ ಕಣ್ಣಿಗೆ ಓವಲ್ ರೇಸ್ ಒಂದೇ ಸಲಕ್ಕೆ ಹಿಡಿಸುವುದಿಲ್ಲ. ಎಲ್ಲರಿಗೂ ಉತ್ತರ ಹೇಳಿ ಹೇಳಿ ಸಾಕಾಗಿ, ಒಂದು ಕಡೆ ಬರೆದಿಟ್ಟಿದ್ದೇನೆ.

ಓವಲ್ ಅಂದರೇನು, ರೋಡ್ ಕೋರ್ಸ್ ಅಂದರೇನು?

ಓವಲ್ ಅಂದರೆ ಮೊಟ್ಟೆಯ ಆಕಾರದ್ದೋ, ಅದಕ್ಕೆ ಹತ್ತಿರದ್ದೋ ಆದ ಟ್ರ್ಯಾಕ್. ತಿರುವೆಲ್ಲ ಎಡಕ್ಕೆ. ರೋಡ್ ಕೋರ್ಸ್‌ನಲ್ಲಿ ಎಡ, ಬಲ, ಏರು, ಇಳಿಜಾರು ಎಲ್ಲ ಇರುತ್ತದೆ, ಘಾಟಿ ರಸ್ತೆಯ ಹಾಗೆ. ಊರಿನ ರಸ್ತೆಗಳನ್ನೇ ಬಂದ್ ಮಾಡಿ, ಪಕ್ಕದಲ್ಲಿ ಕಾಂಕ್ರೀಟ್ ಗೋಡೆ ಇಟ್ಟು ಓಡಿಸಿದರೆ ಅದು ಸ್ಟ್ರೀಟ್ ಕೋರ್ಸ್. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಅಂಥದ್ದು.

ನಾಸ್ಕಾರ್‌ನ ಮೇಲ್ದರ್ಜೆಯ ಸರಣಿಯಾದ ಕಪ್ ಸರಣಿ ಹೆಚ್ಚು ಕಡಿಮೆ ಓವಲ್‌ನದ್ದೇ. 2025ರ 36 ರೇಸ್‌ಗಳಲ್ಲಿ ರೋಡ್ ಮತ್ತು ಸ್ಟ್ರೀಟ್ ಕೋರ್ಸ್ ಸೇರಿ 6 ಮಾತ್ರ. ಫಾರ್ಮುಲಾ ಒನ್ ಥರ ಚಕ್ರ ಹೊರಗಿರುವ ಕಾರುಗಳ ಇಂಡಿಕಾರ್ ಸರಣಿ ಉಲ್ಟಾ: ಅದೇ ವರ್ಷ 17 ರೇಸ್, ಅದರಲ್ಲಿ ಓವಲ್ 6. ಒಂದೇ ಚಾಂಪಿಯನ್‌ಶಿಪ್‌ಗೆ ಎರಡೂ ಬಗೆಯ ಟ್ರ್ಯಾಕ್‌ನಲ್ಲಿ ಅಂಕ ಗಳಿಸಬೇಕು. ಅಮೆರಿಕದ ರೇಸಿಂಗ್‌ನಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಇದು.

ಎಡಕ್ಕೆ ತಿರುಗಿಸುವುದು ಬಿಟ್ಟರೆ ಓವಲ್‌ನಲ್ಲಿ ಇನ್ನೇನಿದೆ?

ಇಂಡಿಯಾನಾಪೊಲಿಸ್ ಟ್ರ್ಯಾಕನ್ನೇ ತಗೊಳ್ಳಿ. 1909ರಲ್ಲಿ ಕಟ್ಟಿದ್ದು. ಸುತ್ತು ಎರಡೂವರೆ ಮೈಲಿ, ಅಂದರೆ ಸುಮಾರು 4 ಕಿ.ಮೀ. ನಾಲ್ಕು ತಿರುವು, ಪ್ರತಿಯೊಂದೂ ಕಾಲು ಮೈಲಿ ಉದ್ದ. ನಾಲ್ಕರಲ್ಲೂ ನೆಲದ ಓರೆ 9 ಡಿಗ್ರಿ ಚಿಲ್ಲರೆ. ನಕ್ಷೆಯಲ್ಲಿ ನೋಡಿದರೆ ನಾಲ್ಕೂ ಒಂದೇ ಅಚ್ಚು. ಆದರೆ ಅಲ್ಲಿ ಓಡಿಸಿದವರು ಯಾರೂ ಹಾಗೆ ಹೇಳುವುದಿಲ್ಲ. ಒಂದು ತಿರುವಿನ ಪಕ್ಕ ಎತ್ತರದ ಸ್ಟ್ಯಾಂಡ್ ಇದ್ದು ಗಾಳಿಯನ್ನು ತಡೆಯುತ್ತದೆ. ಇನ್ನೊಂದರಲ್ಲಿ ಗಾಳಿ ಬಂದು ಮುಖಕ್ಕೇ ಬಡಿಯುತ್ತದೆ. ಒಂದರ ಮೇಲೆ ಬಿಸಿಲು, ಒಂದರ ಮೇಲೆ ನೆರಳು. ಬೆಳಗ್ಗೆ ಚೆನ್ನಾಗಿ ತಿರುಗಿದ ಕಾರು ಮಧ್ಯಾಹ್ನ ಟಾರು ಕಾದಾಗ ಜಾರುತ್ತದೆ.

ಈಗ ವೇಗ ನೋಡಿ. 2024ರ ಇಂಡಿ 500ರ (ಇದೇ ಟ್ರ್ಯಾಕಿನಲ್ಲಿ ನಡೆಯುವ 500 ಮೈಲಿ ರೇಸ್) ಅರ್ಹತಾ ಸುತ್ತುಗಳಲ್ಲಿ ಸ್ಕಾಟ್ ಮೆಕ್‌ಲಾಫ್ಲಿನ್ ಮೊದಲ ಸ್ಥಾನ ಪಡೆದಾಗ ನಾಲ್ಕು ಸುತ್ತಿನ ಸರಾಸರಿ ಗಂಟೆಗೆ 234.220 ಮೈಲಿ ಇತ್ತು. ಸುಮಾರು 377 ಕಿ.ಮೀ. ಸೆಕೆಂಡಿಗೆ ನೂರು ಮೀಟರಿಗೂ ಜಾಸ್ತಿ! ಆ ವೇಗದಲ್ಲಿ ಸ್ಟೀರಿಂಗನ್ನು ಒಂದು ಕೂದಲೆಳೆ ಹೆಚ್ಚು ತಿರುಗಿಸಿದರೂ ಗೋಡೆ ಕಾದಿರುತ್ತದೆ. ರೋಡ್ ಕೋರ್ಸ್‌ನಲ್ಲಿ ತಪ್ಪಿದರೆ ಹುಲ್ಲಿಗೋ ಜಲ್ಲಿಗೋ ಇಳಿದು, ಎರಡು ಸೆಕೆಂಡ್ ಕಳೆದುಕೊಂಡು ವಾಪಸ್ ಬರಬಹುದು. ಓವಲ್‌ನಲ್ಲಿ ಆ ಮಾಫಿ ಇಲ್ಲ.

ಇನ್ನೊಂದು, ಮುಂದಿನ ಕಾರು ಎಬ್ಬಿಸುವ ಗಾಳಿ. ಕೆಟ್ಟ ಗಾಳಿ, ಡರ್ಟಿ ಏರ್ ಅಂತ ಕರೆಯುತ್ತಾರೆ. ಒಬ್ಬನೇ ಓಡುವಾಗ ನೆಲಕ್ಕೆ ಅಂಟಿಕೊಂಡಿದ್ದ ಕಾರು ಇನ್ನೊಂದರ ಹಿಂದೆ ಹೋದ ಕೂಡಲೇ ಮೂಗು ತಿರುಗಿಸುವುದಿಲ್ಲ. ಇದಕ್ಕೆ ಟೈಟ್ ಅನ್ನುತ್ತಾರೆ. ಹಿಂಬದಿ ಜಾರಿದರೆ ಲೂಸ್. ರೇಡಿಯೋದಲ್ಲಿ ಚಾಲಕರು ಮೂರು ಗಂಟೆ ಹೊತ್ತು ಆಡುವುದು ಹೆಚ್ಚಾಗಿ ಈ ಎರಡೇ ಮಾತು. ಅದನ್ನು ಕೇಳಿದ ಪಿಟ್‌ನವರು (ಟ್ರ್ಯಾಕ್ ಪಕ್ಕದಲ್ಲಿ ಟೈರು ಬದಲಿಸಿ, ಇಂಧನ ತುಂಬುವ ತಂಡದವರು) ಮುಂದಿನ ಸ್ಟಾಪ್‌ನಲ್ಲಿ ಟೈರಿನ ಗಾಳಿ ಅರ್ಧ ಪೌಂಡ್ ಹೆಚ್ಚು ಕಡಿಮೆ ಮಾಡುತ್ತಾರೆ, ಹಿಂದಿನ ಗಾಜಿನ ತೂತಿನಲ್ಲಿ ಉದ್ದನೆಯ ಸ್ಪ್ಯಾನರ್ ಹಾಕಿ ಸ್ಪ್ರಿಂಗ್ ಒತ್ತಡ ಬದಲಿಸುತ್ತಾರೆ. ಅಷ್ಟರಲ್ಲಿ ಹನ್ನೆರಡನೇ ಜಾಗದಲ್ಲಿದ್ದ ಕಾರು ಮೂರಕ್ಕೆ ಬಂದುಬಿಡುತ್ತದೆ. ಟಿವಿಯಲ್ಲಿ ಸುಮ್ನೆ ಸುತ್ತಿದ ಹಾಗೆ ಕಾಣುವುದು ಇದೇ.

2024ರ ಮೇ ತಿಂಗಳಲ್ಲಿ ಕ್ಯಾನ್ಸಸ್ ಓವಲ್‌ನಲ್ಲಿ 400 ಮೈಲಿ ಓಡಿದ ಮೇಲೆ ಕೈಲ್ ಲಾರ್ಸನ್ ಮತ್ತು ಕ್ರಿಸ್ ಬ್ಯೂಶರ್ ನಡುವೆ ಉಳಿದಿದ್ದ ಅಂತರ 0.001 ಸೆಕೆಂಡ್. ನಾಸ್ಕಾರ್ ಕಪ್ ಇತಿಹಾಸದಲ್ಲೇ ಅಷ್ಟು ಹತ್ತಿರದ ಗೆಲುವು ಅದಕ್ಕೆ ಮೊದಲು ಇರಲಿಲ್ಲ.

ಯಾವಾಗಲೂ ಅಪ್ರದಕ್ಷಿಣೆಯೇ ಯಾಕೆ?

ಅಮೆರಿಕದ ಕುದುರೆ ರೇಸ್ ಹಾಗೇ ಓಡುತ್ತಿತ್ತು, ಕಾರುಗಳೂ ಹಾಗೇ ಓಡಿದವು. ಸ್ಟೀರಿಂಗ್ ಎಡಕ್ಕಿರುವುದರಿಂದ ಚಾಲಕ ಗೋಡೆಯಿಂದ ದೂರ ಕೂತಿರುತ್ತಾನೆ ಅನ್ನುವುದು ಒಂದು ಅನುಕೂಲ. ನಮ್ಮ ಅತ್ತೆಗೆ ಮಾತ್ರ ಈ ಉತ್ತರ ಒಪ್ಪಿಗೆಯಾಗಿಲ್ಲ. ದೇವಸ್ಥಾನದಲ್ಲಿ ಯಾರೂ ಹೀಗೆ ಸುತ್ತುವುದಿಲ್ಲ ಅಂತಾರೆ.

ಟ್ರ್ಯಾಕ್ ಓರೆಯಾಗಿ ಗೋಡೆಯ ಹಾಗೆ ನಿಂತಿರುತ್ತದಲ್ಲ, ಕಾರು ಕೆಳಗೆ ಜಾರುವುದಿಲ್ಲವೇ?

ಜಾತ್ರೆಯಲ್ಲಿ ಮೃತ್ಯುಕೂಪದ ಆಟ ನೋಡಿದ್ದೀರಲ್ಲ? ಮರದ ಹಲಗೆಯ ಬಾವಿಯೊಳಗೆ ಬೈಕು ಸುತ್ತುತ್ತಾ ಸುತ್ತುತ್ತಾ ಗೋಡೆ ಹತ್ತುತ್ತದೆ. ವೇಗ ಇರುವವರೆಗೂ ಬೀಳುವುದಿಲ್ಲ. ಓವಲ್‌ನ ಓರೆ, ಅಂದರೆ ಬ್ಯಾಂಕಿಂಗ್, ಅದರದೇ ಸೌಮ್ಯ ರೂಪ. ಫ್ಲಾರಿಡಾದ ಡೇಟೋನಾದಲ್ಲಿ ತಿರುವುಗಳ ಓರೆ 31 ಡಿಗ್ರಿ. ಅಲಬಾಮದ ಟಾಲಡೇಗಾದಲ್ಲಿ 33. ಅಲ್ಲಿ ನಡೆದು ಹತ್ತಬೇಕಾದರೆ ಕೈಯನ್ನೂ ನೆಲಕ್ಕೆ ಊರಬೇಕಾಗುತ್ತದೆ.

ತಿರುವಿನಲ್ಲಿ ಕಾರು ಹೊರಕ್ಕೆ ಹೋಗಲು ನೋಡುತ್ತದೆ. ಟ್ರ್ಯಾಕ್ ಸಪಾಟಾಗಿದ್ದರೆ ಅದನ್ನು ಹಿಡಿದಿಡಬೇಕಾದ್ದು ಟೈರಿನ ಹಿಡಿತ ಮಾತ್ರ. ಓರೆ ಇದ್ದರೆ ನೆಲವೇ ಕಾರನ್ನು ಒಳಕ್ಕೆ ತಳ್ಳುತ್ತದೆ. ಡೇಟೋನಾದ ತಿರುವಿನ ಅಳತೆ ಇಟ್ಟುಕೊಂಡು ಲೆಕ್ಕ ಹಾಕಿದರೆ, ಗಂಟೆಗೆ ಸುಮಾರು 150 ಕಿ.ಮೀ. ವೇಗದಲ್ಲಿ ಟೈರಿಗೆ ಅಕ್ಕಪಕ್ಕದ ಕೆಲಸವೇ ಇರುವುದಿಲ್ಲ. ಅದಕ್ಕಿಂತ ಮೇಲಿನ ವೇಗವನ್ನು ಟೈರು ಹೊರಬೇಕು. ಹಾಗಾಗಿ 300 ಕಿ.ಮೀ. ವೇಗದಲ್ಲೂ ಅಲ್ಲಿ ಯಾರೂ ಬ್ರೇಕ್ ಮುಟ್ಟುವುದಿಲ್ಲ.

ಆದರೆ ಕಾರು ತಡೆದುಕೊಂಡರೂ ಒಳಗೆ ಕೂತವರ ಮೈ ತಡೆದುಕೊಳ್ಳಬೇಕಲ್ಲ. 2001ರ ಏಪ್ರಿಲ್‌ನಲ್ಲಿ ಇಂಡಿಕಾರ್ ಥರದ್ದೇ ಕಾರುಗಳ ಕಾರ್ಟ್ ಸರಣಿಯವರು ಟೆಕ್ಸಸ್ ಓವಲ್‌ಗೆ ಹೋದರು. ಒಂದೂವರೆ ಮೈಲಿ ಟ್ರ್ಯಾಕ್, 24 ಡಿಗ್ರಿ ಓರೆ. ಕಾರುಗಳು ಗಂಟೆಗೆ 230 ಮೈಲಿ ದಾಟಿದವು. ಸುತ್ತಿನ ಬಹುಭಾಗ ತಿರುವೇ ಆದ್ದರಿಂದ ತಮ್ಮ ತೂಕದ ಐದು ಪಟ್ಟು ಒತ್ತಡ ಮತ್ತೆ ಮತ್ತೆ ಮೈಮೇಲೆ ಬೀಳುತ್ತಿತ್ತು. ಹತ್ತಿಪ್ಪತ್ತು ಸುತ್ತು ಓಡಿ ಇಳಿದ ಚಾಲಕರು ತಲೆ ಸುತ್ತುತ್ತಿದೆ, ನೆಟ್ಟಗೆ ನಿಲ್ಲಲಾಗುತ್ತಿಲ್ಲ ಅಂದರು. ಒಬ್ಬರಿಬ್ಬರಲ್ಲ, ಹೆಚ್ಚಿನವರೆಲ್ಲ. ಜನ ಸ್ಟ್ಯಾಂಡ್ ಸೇರುತ್ತಿದ್ದ ಹೊತ್ತಿಗೆ, ಶುರುವಾಗಲು ಎರಡು ಗಂಟೆ ಇರುವಾಗ, ರೇಸ್ ರದ್ದಾಯಿತು. ಯಾವ ರೋಡ್ ಕೋರ್ಸ್‌ನಲ್ಲೂ ಹೀಗಾಗುವುದಿಲ್ಲ. ಅಲ್ಲಿ ಒತ್ತಡ ಬರುತ್ತದೆ, ಹೋಗುತ್ತದೆ. ಇಲ್ಲಿ ಬಂದದ್ದು ಹೋಗುವುದೇ ಇಲ್ಲ.

ಯುರೋಪಿನಲ್ಲಿ ಇಲ್ಲದ ಈ ಓವಲ್ ಹುಚ್ಚು ಅಮೆರಿಕಕ್ಕೆ ಎಲ್ಲಿಂದ ಬಂತು?

ಜಾತ್ರೆಯಿಂದ. ಇಲ್ಲಿನ ಪ್ರತಿ ಜಿಲ್ಲೆಯಲ್ಲೂ ಸುಗ್ಗಿಯ ಹೊತ್ತಿಗೆ ಕೌಂಟಿ ಫೇರ್ ನಡೆಯುತ್ತಿತ್ತು. ದನದ ಪ್ರದರ್ಶನ, ತಿಂಡಿ ಅಂಗಡಿ, ಜೊತೆಗೆ ಕುದುರೆ ಓಡಿಸಲು ಅರ್ಧ ಮೈಲಿಯದೋ ಒಂದು ಮೈಲಿಯದೋ ಮಣ್ಣಿನ ಓವಲ್. ಕಾರು ಬಂದಾಗ ಟ್ರ್ಯಾಕ್ ಅಲ್ಲೇ ಸಿದ್ಧವಾಗಿತ್ತು. ರೋಡ್ ಐಲೆಂಡ್ ರಾಜ್ಯದಲ್ಲಿ 1896ರಲ್ಲೇ ಕುದುರೆ ಟ್ರ್ಯಾಕ್ ಮೇಲೆ ಕಾರು ಓಡಿಸಿದ್ದರು. ವಿಸ್ಕಾನ್ಸಿನ್‌ನ ಮಿಲ್ವಾಕೀ ಮೈಲ್‌ನಲ್ಲಿ 1903ರಿಂದ ರೇಸ್ ನಡೆಯುತ್ತಿದೆ, ಅದೂ ಜಾತ್ರೆ ಮೈದಾನದ್ದೇ.

ದುಡ್ಡಿನ ಲೆಕ್ಕವೂ ಇದೆ. ಓವಲ್ ಸುತ್ತ ಬೇಲಿ ಹಾಕಿ ಟಿಕೆಟ್ ಮಾರುವುದು ಸುಲಭ. ಕೂತವರಿಗೆ ಪೂರ್ತಿ ರೇಸ್ ಕಾಣುತ್ತದೆ. ಕಾಡಿನ ನಡುವೆ ಹಾದು ಹೋಗುವ ರಸ್ತೆಯಲ್ಲಿ ಇವೆರಡೂ ಕಷ್ಟ.

ದಕ್ಷಿಣದ ರಾಜ್ಯಗಳಲ್ಲಿ ಇದಕ್ಕೆ ಕಳ್ಳಬಟ್ಟಿಯ ಕಥೆಯೂ ಸೇರಿಕೊಂಡಿದೆ. ಬೆಟ್ಟದಲ್ಲಿ ಸಾರಾಯಿ ಕಾಯಿಸಿ, ರಾತ್ರಿ ಹೊತ್ತು ಪೊಲೀಸರ ಕಣ್ಣು ತಪ್ಪಿಸಿ ಸಾಗಿಸುವವರಿಗೆ ಕಾರಿನ ಕಸುಬು ಚೆನ್ನಾಗಿ ಗೊತ್ತಿತ್ತು. ಜೂನಿಯರ್ ಜಾನ್ಸನ್ ಹಾಗೆ ಬಂದವರು. ಕಳ್ಳಬಟ್ಟಿ ಕೇಸಿನಲ್ಲಿ ಜೈಲಿಗೂ ಹೋಗಿ ಬಂದರು, ನಾಸ್ಕಾರ್‌ನಲ್ಲಿ 50 ರೇಸ್ ಗೆದ್ದರು. 1986ರಲ್ಲಿ ಅಧ್ಯಕ್ಷ ರೇಗನ್ ಅವರ ಹಳೇ ಶಿಕ್ಷೆಗೆ ಕ್ಷಮಾದಾನ ಕೊಟ್ಟರು.

ಹಾಗಾದರೆ ರೋಡ್ ಕೋರ್ಸ್‌ಗಳು ಹೇಗೆ ಹುಟ್ಟಿದವು?

ನಿಜವಾದ ರಸ್ತೆಯಲ್ಲೇ. ಎರಡನೇ ಮಹಾಯುದ್ಧ ಮುಗಿಸಿ ಬಂದವರು ಯುರೋಪಿನ ಸಣ್ಣ ಸ್ಪೋರ್ಟ್ಸ್ ಕಾರುಗಳ ರುಚಿ ಹಚ್ಚಿಕೊಂಡಿದ್ದರು. ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬ ಪುಟ್ಟ ಊರಿನ ಬೀದಿಗಳಲ್ಲಿ 1948ರಲ್ಲಿ ರೇಸ್ ಶುರುವಾಯಿತು. 1952ರಲ್ಲಿ ಒಂದು ಕಾರು ಜನರ ಮೇಲೆ ಹೋಗಿ ಏಳು ವರ್ಷದ ಹುಡುಗನೊಬ್ಬ ಸತ್ತ. ಊರೊಳಗಿನ ರೇಸ್ ಅಲ್ಲಿಗೆ ನಿಂತಿತು. 1956ರಲ್ಲಿ ಬೇರೆಯದೇ ಟ್ರ್ಯಾಕ್ ಕಟ್ಟಿದರು. ವಿಸ್ಕಾನ್ಸಿನ್‌ನ ಎಲ್ಕ್‌ಹಾರ್ಟ್ ಲೇಕ್‌ನಲ್ಲೂ ಹೀಗೇ: ಸಾರ್ವಜನಿಕ ರಸ್ತೆಯ ರೇಸ್ ಬಂದ್ ಆಯಿತು, 1955ರಲ್ಲಿ ರೋಡ್ ಅಮೆರಿಕಾ ತೆರೆಯಿತು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನ ಮರಗಳ ನಡುವೆ ಓಡಿಸುತ್ತಿದ್ದರು. 1956ರಲ್ಲಿ ಅರ್ನಿ ಮೆಕಾಫಿ ಮರಕ್ಕೆ ಗುದ್ದಿ ಸತ್ತರು. ಮರುವರ್ಷ ಹತ್ತಿರದಲ್ಲೇ ಲಗೂನಾ ಸೆಕಾ ಸಿದ್ಧವಾಯಿತು.

ಫ್ಲಾರಿಡಾದ ಸೀಬ್ರಿಂಗ್ ಹುಟ್ಟಿದ್ದು ಬೇರೆ ರೀತಿ. ಅದು ಯುದ್ಧಕಾಲದ ವಿಮಾನ ನೆಲೆ. ಹಳೇ ರನ್‌ವೇಯ ಕಾಂಕ್ರೀಟ್ ಇನ್ನೂ ಟ್ರ್ಯಾಕಿನ ಭಾಗವಾಗಿದೆ. ಕಾಂಕ್ರೀಟ್ ಹಾಸುಗಳ ಕೂಡುಗೆರೆ ದಾಟುವಾಗ ಕಾರು ಎತ್ತಿ ಎತ್ತಿ ಹಾಕುವುದು ಟಿವಿಯಲ್ಲೂ ಕಾಣುತ್ತದೆ.

ರೋಡ್ ಕೋರ್ಸ್‌ನಲ್ಲಿ ಏನು ನೋಡಬೇಕು?

ಬ್ರೇಕ್ ಹಾಕುವ ಜಾಗ. ಯಾರು ಎಷ್ಟು ತಡವಾಗಿ ಹಾಕುತ್ತಾರೆ ಅನ್ನುವುದರಲ್ಲೇ ಅರ್ಧ ರೇಸ್ ಇದೆ. ರೋಡ್ ಅಮೆರಿಕಾದ ಸುತ್ತು 4 ಮೈಲಿಗೂ ಸ್ವಲ್ಪ ಜಾಸ್ತಿ, 14 ತಿರುವು. ಉದ್ದನೆಯ ನೇರ ದಾರಿಯ ಕೊನೆಯಲ್ಲಿ ಮುಂದಿನವನ ಒಳಮೈಗೆ ಮೂಗು ತೂರಿಸಿದರೆ ಜಾಗ ಸಿಕ್ಕಿತು, ಇಲ್ಲದಿದ್ದರೆ ಇನ್ನೊಂದು ಸುತ್ತು ಕಾಯಬೇಕು.

ಒಂದೇ ಒಂದು ತಿರುವು ನೋಡಬೇಕು ಅಂದರೆ ಲಗೂನಾ ಸೆಕಾದ ಕಾರ್ಕ್‌ಸ್ಕ್ರೂ ನೋಡಿ. ಗುಡ್ಡದ ನೆತ್ತಿಗೆ ಹತ್ತುವವರೆಗೂ ಮುಂದಿನ ದಾರಿ ಕಾಣುವುದಿಲ್ಲ, ಆಕಾಶ ಮಾತ್ರ. ಎಡಕ್ಕೆ ತಿರುಗಿಸಿದ ಕೂಡಲೇ ನೆಲ ಕಾಲಡಿಯಿಂದ ಸರಿದ ಹಾಗಾಗಿ ಬಲಕ್ಕೆ ಧುಮುಕುತ್ತದೆ. ಐದು ಮಹಡಿಗೂ ಜಾಸ್ತಿ ಎತ್ತರದಿಂದ ಕೆಲವೇ ಸೆಕೆಂಡಿನಲ್ಲಿ ಇಳಿತ. ಅಲ್ಲಿ ಓವರ್‌ಟೇಕ್ ಮಾಡಲು ಬರುವುದಿಲ್ಲ ಅಂತ ಎಲ್ಲರೂ ನಂಬಿದ್ದರು. 1996ರಲ್ಲಿ ಕೊನೆಯ ಸುತ್ತಿನಲ್ಲಿ ಅಲೆಕ್ಸ್ ಜನಾರ್ಡಿ ಅಲ್ಲೇ ಬ್ರಯನ್ ಹರ್ಟಾ ಅವರ ಒಳಗಡೆ ನುಗ್ಗಿದರು. ಟ್ರ್ಯಾಕ್ ಬಿಟ್ಟು ಮಣ್ಣಿಗೆ ಹೋಗಿ, ಧೂಳೆಬ್ಬಿಸಿ, ಹೇಗೋ ಸಂಭಾಳಿಸಿಕೊಂಡು ಬಂದು ಗೆದ್ದೇಬಿಟ್ಟರು. ಇವತ್ತಿಗೂ ಅಲ್ಲಿ ಆ ಒಂದು ಓವರ್‌ಟೇಕ್‌ನ ಮಾತಿಲ್ಲದೆ ಹರಟೆ ಮುಗಿಯುವುದಿಲ್ಲ.

ಎಲ್ಲ ಓವಲ್‌ಗಳೂ ಒಂದೇ ಥರ ಅಲ್ವಾ?

ಖಂಡಿತ ಅಲ್ಲ. ಪೆನ್ಸಿಲ್ವೇನಿಯಾದ ಪೊಕೊನೊದಲ್ಲಿ ತಿರುವು ಇರುವುದೇ ಮೂರು. ದಕ್ಷಿಣ ಕ್ಯಾರೊಲೈನಾದ ಡಾರ್ಲಿಂಗ್ಟನ್ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಜಾಗ ಮಾರಿದ ರೈತನ ಮೀನಿನ ಹೊಂಡ ಮುಟ್ಟುವುದಿಲ್ಲ ಅಂತ ಕಟ್ಟಿದವರು ಮಾತು ಕೊಟ್ಟಿದ್ದರಂತೆ. ಹಾಗಾಗಿ ಒಂದು ತುದಿಯನ್ನು ಒಳಕ್ಕೆ ಒತ್ತಬೇಕಾಯಿತು. 1950ರಿಂದ ಇಂದಿನವರೆಗೂ ಚಾಲಕರು ಆ ಹೊಂಡದ ಬೆಲೆ ತೆರುತ್ತಿದ್ದಾರೆ.

ನನಗೆ ಬಹಳ ಇಷ್ಟ ವರ್ಜೀನಿಯಾದ ಮಾರ್ಟಿನ್ಸ್‌ವಿಲ್. ಅರ್ಧ ಮೈಲಿ ಚಿಲ್ಲರೆಯ ಸಣ್ಣ ಟ್ರ್ಯಾಕ್, ಪೇಪರ್ ಕ್ಲಿಪ್ ಆಕಾರ. ಎರಡು ನೇರ ದಾರಿ, ಎರಡು ತುದಿಯಲ್ಲಿ ಇಕ್ಕಟ್ಟಿನ ತಿರುವು. ಓರೆ 12 ಡಿಗ್ರಿ ಮಾತ್ರ. 500 ಸುತ್ತಿನ ರೇಸ್ ಅಂದರೆ ಸಾವಿರ ಸಲ ಬ್ರೇಕ್ ತುಳಿಯಬೇಕು. ಸಂಜೆ ಹೊತ್ತಿನಲ್ಲಿ ಚಕ್ರದೊಳಗೆ ಬ್ರೇಕ್ ಡಿಸ್ಕ್ ಕೆಂಡದ ಹಾಗೆ ಹೊಳೆಯುತ್ತದೆ. ಗೆದ್ದವರಿಗೆ ಕಪ್ ಅಲ್ಲ, ಆಳೆತ್ತರದ ಲೋಲಕದ ಗಡಿಯಾರ ಕೊಡುತ್ತಾರೆ.

2022ರ ಅಕ್ಟೋಬರ್ 30ರಂದು ಅಲ್ಲಿ ಆದದ್ದನ್ನು ನೋಡಿಲ್ಲದಿದ್ದರೆ ಹುಡುಕಿ ನೋಡಿ. ಕೊನೆಯ ಸುತ್ತು. ಚಾಂಪಿಯನ್‌ಶಿಪ್‌ನ ಅಂತಿಮ ನಾಲ್ವರಲ್ಲಿ ಉಳಿಯಲು ರಾಸ್ ಚಾಸ್ಟೇನ್ ಅವರಿಗೆ ಎರಡು ಜಾಗ ಮೇಲೆ ಬರಬೇಕಿತ್ತು. ಮುಂದೆ ದಾರಿ ಇರಲಿಲ್ಲ. ಅವರು ಐದನೇ ಗೇರಿಗೆ ಹಾಕಿ, ಬ್ರೇಕಿನಿಂದ ಕಾಲು ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಕಾರಿನ ಬಲಮೈಯನ್ನು ಹೊರಗಿನ ಗೋಡೆಗೆ ಒರಗಿಸಿಬಿಟ್ಟರು. ಉಳಿದವರೆಲ್ಲ ತಿರುವಿಗೆ ನಿಧಾನ ಮಾಡಿದಾಗ ಇವರ ಕಾರು ಗೋಡೆ ಉಜ್ಜಿಕೊಂಡು ಹುಚ್ಚು ಹಿಡಿದ ಹಾಗೆ ಹೋಯಿತು. ಐದು ಕಾರುಗಳನ್ನು ಹಿಂದಿಕ್ಕಿದರು. ಆ ಸುತ್ತಿಗೆ ಹಿಡಿದದ್ದು 18.845 ಸೆಕೆಂಡ್. ಅಷ್ಟು ಬೇಗ ಅಲ್ಲಿ ಯಾವ ಕಪ್ ಕಾರೂ ಓಡಿರಲಿಲ್ಲ. ಎಲ್ಲಿ ಕಲಿತಿರಿ ಅಂದರೆ, ಚಿಕ್ಕಂದಿನಲ್ಲಿ ವಿಡಿಯೋ ಗೇಮ್‌ನಲ್ಲಿ ಅಂದರು! ಮುಂದಿನ ಸೀಸನ್‌ನಿಂದ ಇದಕ್ಕೆ ದಂಡ ಹಾಕುತ್ತೇವೆ ಅಂತ ನಾಸ್ಕಾರ್ ಹೇಳಿತು. ಒಳ್ಳೆಯದೇ ಮಾಡಿತು, ಇಲ್ಲದಿದ್ದರೆ ಎಲ್ಲರೂ ಗೋಡೆಗೇ ಅಂಟುತ್ತಿದ್ದರು.

ಎರಡಕ್ಕೂ ಒಂದೇ ಕಾರಾ?

ಮೂಲದಲ್ಲಿ ಒಂದೇ, ಸಿದ್ಧ ಮಾಡುವುದು ಬೇರೆ. ಓವಲ್‌ಗೆ ಹೊಂದಿಸಿದ ಇಂಡಿಕಾರ್ ಸೊಟ್ಟ ಕಾರು. ಬಲಗಡೆಯ ಹಿಂದಿನ ಟೈರು ಎಡಗಡೆಯದ್ದಕ್ಕಿಂತ ಸ್ವಲ್ಪ ದೊಡ್ಡದು, ಅದಕ್ಕೇ ಕಾರು ತಾನಾಗಿ ಎಡಕ್ಕೆ ಎಳೆಯುತ್ತದೆ. ನೇರ ದಾರಿಯಲ್ಲಿ ಚಾಲಕ ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ಹಿಡಿದಿರಬೇಕು. ಡೋಲಿನ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದ ಹಾಗೆ. ರೆಕ್ಕೆಗಳೂ ಬೇರೆ: ಇಂಡಿಯಾನಾಪೊಲಿಸ್‌ನಂಥ ದೊಡ್ಡ ಓವಲ್‌ಗೆ ತೆಳ್ಳಗಿನವು, ರೋಡ್ ಕೋರ್ಸ್‌ಗೆ ದೊಡ್ಡವು. ಒಂದು ಗುಂಡಿ ಒತ್ತಿದರೆ ಕೆಲವು ಸೆಕೆಂಡ್ ಹೆಚ್ಚು ಶಕ್ತಿ ಸಿಗುವ 'ಪುಶ್ ಟು ಪಾಸ್' ಸೌಲಭ್ಯ ಇಂಡಿಕಾರ್‌ನಲ್ಲಿ ರೋಡ್ ಮತ್ತು ಸ್ಟ್ರೀಟ್ ಕೋರ್ಸ್‌ಗೆ ಇದೆ, ಓವಲ್‌ಗೆ ಇಲ್ಲ.

ಡೇಟೋನಾದಲ್ಲಿ ಎಲ್ಲರೂ ಗುಂಪಾಗಿ ಅಂಟಿಕೊಂಡೇ ಓಡುತ್ತಾರಲ್ಲ, ಯಾಕೆ?

ಗಾಳಿ ಸೀಳುವ ಕೆಲಸ ಹಂಚಿಕೊಳ್ಳಲು. ಲಾರಿಯ ಹಿಂದೆ ಬೈಕು ಓಡಿಸಿದವರಿಗೆ ಗೊತ್ತು, ಎದುರುಗಾಳಿ ಇಲ್ಲದೆ ಬೈಕು ಹಗುರಾಗುತ್ತದೆ. ಇದೇ ಡ್ರಾಫ್ಟಿಂಗ್. ಹಿಂದಿನ ಕಾರಿಗೆ ಮಾತ್ರವಲ್ಲ, ಮುಂದಿನದ್ದಕ್ಕೂ ಲಾಭ ಇದೆ, ಅದರ ಬೆನ್ನಿನ ಎಳೆತ ಕಡಿಮೆಯಾಗುತ್ತದೆ. ಗುಂಪು ಬಿಟ್ಟವನು ಹಿಂದೆ ಬಿದ್ದ.

ಇದಕ್ಕೆ ಇನ್ನೊಂದು ಕಾರಣವೂ ಇದೆ. 1987ರಲ್ಲಿ ಟಾಲಡೇಗಾದಲ್ಲಿ ಬಿಲ್ ಎಲಿಯಟ್ ಅರ್ಹತಾ ಸುತ್ತನ್ನು 212.809 ಮೈಲಿ ವೇಗದಲ್ಲಿ ಓಡಿಸಿದರು. ಅದೇ ರೇಸ್‌ನಲ್ಲಿ ಬಾಬಿ ಆಲಿಸನ್ ಅವರ ಕಾರು ಟೈರು ಸಿಡಿದು ಗಾಳಿಗೆ ಹಾರಿ ಜನರ ಮುಂದಿನ ಬೇಲಿಯನ್ನೇ ಹರಿಯಿತು. ಮರುವರ್ಷದಿಂದ ಡೇಟೋನಾ, ಟಾಲಡೇಗಾ ಎರಡರಲ್ಲೂ ಎಂಜಿನ್ನಿಗೆ ಹೋಗುವ ಗಾಳಿಗೆ ತಡೆ ಹಾಕಿದರು. ವೇಗ ಇಳಿಯಿತು, ಜೊತೆಗೆ ಎಲ್ಲ ಕಾರೂ ಸಮ ಆದವು. ಹಾಗಾಗಿ ಯಾರೂ ಯಾರನ್ನೂ ಬಿಟ್ಟು ಹೋಗಲಾರರು. ಒಬ್ಬ ಎಡವಿದರೆ ಹಿಂದಿನ ಇಪ್ಪತ್ತು ಕಾರು ಗುಜರಿ. ಜನ ಇದನ್ನು ನೋಡಲೆಂದೇ ಬರುತ್ತಾರೆ ಅನ್ನುವುದು ಬೇಸರದ ನಿಜ.

ಮಳೆ ಬಂದರೆ?

ರೋಡ್ ಕೋರ್ಸ್‌ನಲ್ಲಿ ಗೀರುಗಳಿರುವ ಮಳೆ ಟೈರು ಹಾಕಿ ಓಡಿಸುತ್ತಾರೆ. ಓವಲ್‌ನಲ್ಲಿ ನಿಲ್ಲಿಸುತ್ತಾರೆ. ಆ ವೇಗ, ಆ ಓರೆ, ಪಕ್ಕದಲ್ಲೇ ಗೋಡೆ, ನೀರು ಸೇರಿದರೆ ಮುಗಿಯಿತು. ಸಣ್ಣ ಓವಲ್‌ನಲ್ಲಿ ಮಾತ್ರ ಈಚೆಗೆ ನಾಸ್ಕಾರ್ ಒದ್ದೆ ಟ್ರ್ಯಾಕ್‌ಗೆ ಟೈರು ಕೊಡುತ್ತಿದೆ. 2024ರ ಮಾರ್ಚ್‌ನಲ್ಲಿ ರಿಚ್ಮಂಡ್ ರೇಸ್ ಅದರಲ್ಲೇ ಶುರುವಾಯಿತು. ಅದೇ ವರ್ಷ ಡೇಟೋನಾ 500 ಮಳೆಯಿಂದ ಸೋಮವಾರಕ್ಕೆ ಹೋಯಿತು. ಟಿಕೆಟ್ ತಗೊಂಡವರು ಸೋಮವಾರದ ರಜೆಗೂ ಅರ್ಜಿ ಹಾಕಿಟ್ಟಿರುವುದು ವಾಸಿ.

ಕಾರಿನ ಮೇಲೆ ಕಣ್ಣಿಟ್ಟು ಎತ್ತರದಲ್ಲಿ ನಿಂತವರು ಯಾರು?

ಸ್ಪಾಟರ್. ಚಾಲಕನಿಗೆ ಪಕ್ಕದ ಕಾರು ಸರಿಯಾಗಿ ಕಾಣುವುದಿಲ್ಲ. ಸ್ಟ್ಯಾಂಡಿನ ನೆತ್ತಿಯಲ್ಲಿ ನಿಂತ ಸ್ಪಾಟರ್ ರೇಡಿಯೋದಲ್ಲಿ "ಒಳಗೆ ಇದ್ದಾನೆ, ಇನ್ನೂ ಒಳಗೆ, ಬಾಗಿಲ ಹತ್ತಿರ, ಕ್ಲಿಯರ್" ಅಂತ ಹೇಳುತ್ತಲೇ ಇರುತ್ತಾನೆ. ಓವಲ್‌ನಲ್ಲಿ ಅವನಿಲ್ಲದೆ ಆಗುವುದಿಲ್ಲ.

ಹಳದಿ ಬಾವುಟ ಬಂದರೆ ಎರಡರಲ್ಲೂ ಒಂದೇನಾ?

ಹಳದಿ ಅಂದರೆ ನಿಧಾನ ಮಾಡಿ, ಓವರ್‌ಟೇಕ್ ಬೇಡ ಅಂತ. ಓವಲ್‌ನಲ್ಲಿ ಒಂದು ಕಡೆ ಅಪಘಾತವಾದರೆ ಪೂರ್ತಿ ಟ್ರ್ಯಾಕ್‌ಗೆ ಹಳದಿ. ರೋಡ್ ಕೋರ್ಸ್ ಉದ್ದ ಇರುವುದರಿಂದ ಸಣ್ಣ ತೊಂದರೆಗೆ ಆ ತಿರುವಿನಲ್ಲಿ ಮಾತ್ರ ಹಳದಿ ತೋರಿಸಿ ಮುಂದುವರಿಸಬಹುದು.

ಪಿಟ್ ಲೆಕ್ಕವೂ ಇದರಿಂದಲೇ ಬದಲಾಗುತ್ತದೆ. ರೋಡ್ ಅಮೆರಿಕಾದಲ್ಲಿ ಪಿಟ್‌ಗೆ ಹೋಗಿ ಬಂದರೂ ಅದೇ ಸುತ್ತಿನಲ್ಲಿ ಇರುತ್ತೀರಿ. ಮಾರ್ಟಿನ್ಸ್‌ವಿಲ್‌ನಲ್ಲಿ ಸುತ್ತಿಗೆ 20 ಸೆಕೆಂಡ್. ಹಸಿರು ಬಾವುಟದಲ್ಲಿ, ಅಂದರೆ ಎಲ್ಲರೂ ಪೂರ್ತಿ ವೇಗದಲ್ಲಿರುವಾಗ, ಪಿಟ್‌ಗೆ ಇಳಿದರೆ ಎರಡು ಸುತ್ತು ಹೋಯಿತು. ಇಳಿದ ಮರುಕ್ಷಣ ಹಳದಿ ಬಂದರಂತೂ ಕೆಟ್ಟ ನಸೀಬು.

ಒಂದರಲ್ಲಿ ಗೆದ್ದವರು ಇನ್ನೊಂದರಲ್ಲೂ ಗೆಲ್ಲುತ್ತಾರಾ?

ಗೆದ್ದವರು ಇದ್ದಾರೆ, ಆದರೆ ಸುಲಭವಲ್ಲ. ಮಾರಿಯೊ ಆಂಡ್ರೆಟಿ 1967ರಲ್ಲಿ ಡೇಟೋನಾ 500, 1969ರಲ್ಲಿ ಇಂಡಿ 500, 1978ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್‌ಶಿಪ್ ಗೆದ್ದರು.

ಉಳಿದವರ ಕಥೆ ನೋಡಿದರೆ ಓವಲ್ ಸುಲಭ ಅನ್ನುವವರ ಬಾಯಿ ಮುಚ್ಚುತ್ತದೆ. ನ್ಯೂಜಿಲೆಂಡ್‌ನ ಶೇನ್ ವ್ಯಾನ್ ಗಿಸ್ಬರ್ಗನ್ 2023ರಲ್ಲಿ ಮೊದಲ ಸಲ ಕಪ್ ರೇಸ್‌ಗೆ ಇಳಿದರು. ಶಿಕಾಗೊ ಬೀದಿಯಲ್ಲಿ, ಒದ್ದೆ ರಸ್ತೆಯಲ್ಲಿ, ಬಂದ ದಿನವೇ ಗೆದ್ದರು. 2025ರ ಆರು ರೋಡ್ ಮತ್ತು ಸ್ಟ್ರೀಟ್ ರೇಸ್‌ಗಳಲ್ಲಿ ಐದು ಅವರದ್ದೇ. ಅದೇ ವರ್ಷ ಓವಲ್‌ಗಳಲ್ಲಿ ಮೊದಲ ಹತ್ತರೊಳಗೆ ಬರಲೂ ತಿಣುಕಾಡಿದರು. ಸ್ಪೇನ್‌ನ ಅಲೆಕ್ಸ್ ಪಲೋ ಮೂರು ಸಲ ಇಂಡಿಕಾರ್ ಚಾಂಪಿಯನ್ ಆದ ಮೇಲೂ ಓವಲ್‌ನಲ್ಲಿ ಒಂದು ರೇಸೂ ಗೆದ್ದಿರಲಿಲ್ಲ. ಮೊದಲ ಗೆಲುವು ಸಿಕ್ಕಿದ್ದು 2025ರಲ್ಲಿ, ಅದೂ ಇಂಡಿ 500! ಫಾರ್ಮುಲಾ ಒನ್ ಚಾಲಕ ಫರ್ನಾಂಡೊ ಅಲೊನ್ಸೊ 2017ರಲ್ಲಿ ಮೊನಾಕೊ ರೇಸ್ ಬಿಟ್ಟು ಇಂಡಿ 500ಕ್ಕೆ ಬಂದರು. 27 ಸುತ್ತು ಮುಂದಿದ್ದರು, ಕೊನೆಗೆ ಎಂಜಿನ್ ಕೈಕೊಟ್ಟಿತು. 2019ರಲ್ಲಿ ಮತ್ತೆ ಬಂದಾಗ ಅರ್ಹತೆಯೇ ಸಿಗಲಿಲ್ಲ. ಎರಡು ಸಲ ವಿಶ್ವ ಚಾಂಪಿಯನ್ ಆದವರು 33 ಕಾರುಗಳ ಸಾಲಿನಲ್ಲಿ ಇರಲಿಲ್ಲ.

ನಮ್ಮ ದೇಶದವರು ಯಾರಾದರೂ ಇಲ್ಲಿ ಓಡಿಸಿದ್ದಾರಾ?

ತಮಿಳುನಾಡಿನ ನರೇನ್ ಕಾರ್ತಿಕೇಯನ್. ಅವರ ಅಮೆರಿಕದ ಕಥೆಯಲ್ಲಿ ಓವಲ್, ರೋಡ್ ಕೋರ್ಸ್ ಎರಡೂ ಸಿಕ್ಕಿಹಾಕಿಕೊಂಡಿವೆ. 2005ರಲ್ಲಿ ಫಾರ್ಮುಲಾ ಒನ್ ಇಂಡಿಯಾನಾಪೊಲಿಸ್‌ಗೆ ಬಂದಿತ್ತು. ಓವಲ್‌ನ ಒಂದು ತಿರುವನ್ನೂ ಸೇರಿಸಿ ಒಳಗೆ ರೋಡ್ ಕೋರ್ಸ್ ಮಾಡಿದ್ದರು. ಆ ಓರೆ ತಿರುವಿನ ಒತ್ತಡವನ್ನು ಮಿಶೆಲಿನ್ ಟೈರುಗಳು ತಡೆಯಲಿಲ್ಲ. ಶುಕ್ರವಾರ ರಾಲ್ಫ್ ಶುಮಾಕರ್ ಅಲ್ಲೇ ಗೋಡೆಗೆ ಹೊಡೆದರು. ಭಾನುವಾರ ಮಿಶೆಲಿನ್‌ನ 14 ಕಾರುಗಳು ಒಂದು ಸುತ್ತು ಹಾಕಿ ಪಿಟ್ ಒಳಗೆ ಹೋಗಿಬಿಟ್ಟವು. ಆರೇ ಕಾರುಗಳ ರೇಸ್. ಜೋರ್ಡನ್ ತಂಡದ ಕಾರಿನಲ್ಲಿ ನರೇನ್ ನಾಲ್ಕನೆಯವರಾದರು. ಫಾರ್ಮುಲಾ ಒನ್‌ನಲ್ಲಿ ಅಂಕ ಗಳಿಸಿದ ಮೊದಲ ಭಾರತೀಯ ಅವರೇ. ಸ್ಟ್ಯಾಂಡ್‌ನಲ್ಲಿದ್ದ ಜನ ಮಾತ್ರ ಕೂಗಿ ಕೂಗಿ ಬೈಯುತ್ತಿದ್ದರು.

ಐದು ವರ್ಷದ ನಂತರ, 2010ರಲ್ಲಿ, ಅವರು ನಾಸ್ಕಾರ್‌ನ ಪಿಕಪ್ ಟ್ರಕ್ ಸರಣಿಗೆ ಬಂದರು. ಮೊದಲ ರೇಸ್ ಮಾರ್ಟಿನ್ಸ್‌ವಿಲ್‌ನಲ್ಲಿ, 13ನೇ ಸ್ಥಾನ. ಆ ವರ್ಷ ಸರಣಿಯ ಜನಪ್ರಿಯ ಚಾಲಕ ಪ್ರಶಸ್ತಿ ಅಭಿಮಾನಿಗಳ ಮತದಿಂದ ಅವರಿಗೇ ಬಂತು.

ಯಾವುದು ಹೆಚ್ಚು ಅಪಾಯ?

ಓವಲ್. ಇದರಲ್ಲಿ ನನಗೆ ಅನುಮಾನ ಇಲ್ಲ. ವೇಗ ಜಾಸ್ತಿ, ಗೋಡೆ ಹತ್ತಿರ, ಕಾರುಗಳು ಒಟ್ಟೊಟ್ಟಿಗೆ. 2001ರ ಫೆಬ್ರವರಿ 18ರಂದು ಡೇಟೋನಾದ ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಗುದ್ದಿ ಸತ್ತರು. ಅದಾದ ಮೇಲೆ ಕುತ್ತಿಗೆಗೆ ಪೆಟ್ಟಾಗದಂತೆ ಹೆಲ್ಮೆಟನ್ನು ಹಿಡಿದಿಡುವ ಹ್ಯಾನ್ಸ್ ಪಟ್ಟಿ ಕಡ್ಡಾಯವಾಯಿತು. ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ತಯಾರಿಸಿದ ಮೆತ್ತನೆ ಗೋಡೆ 2002ರಲ್ಲಿ ಇಂಡಿಯಾನಾಪೊಲಿಸ್‌ಗೆ ಬಂತು. ಉಕ್ಕಿನ ಕೊಳವೆಗಳು, ಅದರ ಹಿಂದೆ ಫೋಮ್ ತುಂಡುಗಳು, ಅದರ ಹಿಂದೆ ಹಳೇ ಕಾಂಕ್ರೀಟ್. ಈಗ ದೊಡ್ಡ ಓವಲ್‌ಗಳಲ್ಲೆಲ್ಲ ಅದಿದೆ. 2011ರಲ್ಲಿ ಲಾಸ್ ವೇಗಸ್ ಓವಲ್‌ನಲ್ಲಿ 15 ಕಾರುಗಳ ಅಪಘಾತದಲ್ಲಿ ಡ್ಯಾನ್ ವೆಲ್ಡನ್ ಸತ್ತ ಮೇಲೆ ಇಂಡಿಕಾರ್ ಅಲ್ಲಿ ರೇಸ್ ನಡೆಸಿಲ್ಲ.

ಮೊದಲ ಸಲ ನೋಡಲು ಹೋಗುವುದಾದರೆ ಎಲ್ಲಿಗೆ?

ಮಕ್ಕಳಿದ್ದರೆ ರೋಡ್ ಕೋರ್ಸ್. ಹುಲ್ಲಿನ ಮೇಲೆ ಚಾಪೆ ಹಾಸಿ ಕೂರಬಹುದು, ಒಂದು ತಿರುವಿನಿಂದ ಇನ್ನೊಂದಕ್ಕೆ ನಡೆಯಬಹುದು. ಆದರೆ ಪೂರ್ತಿ ರೇಸ್ ಕಾಣುವುದಿಲ್ಲ. ಕಾರು ಬಂತು, ಹೋಯಿತು, ಇನ್ನೊಂದೂವರೆ ನಿಮಿಷ ಹಕ್ಕಿ ನೋಡುತ್ತಾ ಕೂರಬೇಕು. ಗಟ್ಟಿ ಬೂಟು ಹಾಕಿಕೊಳ್ಳಿ.

ಓವಲ್‌ಗೆ ಹೋದರೆ ಎತ್ತರದ ಸಾಲಿನ ಟಿಕೆಟ್ಟೇ ತಗೊಳ್ಳಿ. ಕಿವಿಗೆ ಹತ್ತಿಯಲ್ಲ, ಒಳ್ಳೆಯ ಇಯರ್‌ಪ್ಲಗ್. ನಲವತ್ತು ಕಾರು ಒಟ್ಟಿಗೆ ಹಸಿರು ಬಾವುಟಕ್ಕೆ ನುಗ್ಗಿದಾಗ ಸದ್ದು ಕಿವಿಗಲ್ಲ, ಎದೆಗೂಡಿಗೆ ಬಂದು ತಾಗುತ್ತದೆ. ಚಾಲಕರ ಮಾತು ಕೇಳಿಸುವ ಸ್ಕ್ಯಾನರ್ ಬಾಡಿಗೆಗೆ ಸಿಗುತ್ತದೆ, ಬಿಡಬೇಡಿ. ಬಹಳ ಟ್ರ್ಯಾಕ್‌ಗಳು ಮನೆಯ ತಿಂಡಿ ಒಳಗೆ ಬಿಡುತ್ತವೆ, ಚೀಲದ ಅಳತೆ ಮಾತ್ರ ಮೊದಲೇ ನೋಡಿಕೊಳ್ಳಿ.

ನಾವು ಮೊದಲ ಸಲ ಒಂದು ಸಣ್ಣ ಓವಲ್‌ಗೆ ಹೋದಾಗ ಅಗ್ಗ ಅಂತ ಬೇಲಿಯ ಪಕ್ಕದ ಮೂರನೇ ಸಾಲಿನಲ್ಲಿ ಕೂತೆವು. ಅರ್ಧ ರೇಸ್ ಆದ ಮೇಲೆ ಹಸಿವಾಗಿ ಚಿತ್ರಾನ್ನದ ಡಬ್ಬಿ ತೆಗೆದೆವು. ನಿಂಬೆ ಹಳದಿಯ ಮೇಲೆ ಕರಿ ಎಳ್ಳು ಉದುರಿಸಿದ ಹಾಗೆ ಏನೋ ಕಂಡಿತು. ಎಳ್ಳು ಯಾಕೆ ಹಾಕಿದೆ ಅಂತ ಹೆಂಡತಿಯನ್ನು ಕೇಳಿದೆ. ಅವಳು ಒಂದನ್ನು ಬೆರಳಿನಲ್ಲಿ ಒತ್ತಿ ನೋಡಿದಳು. ಬಿಸಿ ರಬ್ಬರ್. ತಿರುವಿನಲ್ಲಿ ಟೈರಿನಿಂದ ಕಿತ್ತು ಬಂದ ಚೂರುಗಳು ಬೇಲಿ ದಾಟಿ ಬೀಳುತ್ತಿದ್ದವು. ಹಿಂದಿನ ಸಾಲಿನ ಅಜ್ಜ ನಮ್ಮನ್ನು ನೋಡಿ ನಕ್ಕು, ತನ್ನ ಹಾಟ್ ಡಾಗ್ ಮೇಲೆ ಕೈ ಅಡ್ಡ ಹಿಡಿದು ತಿನ್ನುವುದು ಹೇಗೆ ಅಂತ ತೋರಿಸಿಕೊಟ್ಟ.